ಡ್ರೈವರ್ ಬೇಕಾಗಿದ್ದಾರೆ

“ನಮ್ಮ ಭಾವನಿಗೆ ಒಂದು ಒಳ್ಳೆಯ ಡ್ರೈವರ್ ಹುಡುಕುತ್ತಾ ಇದ್ದೇವೆ” ಎಂದು ನನ್ನ ಹೆಂಡತಿ ಗೇಟಿನ ಬಳಿ ನಿಂತು ಯಾರಿಗೋ ಹೇಳಿದ್ದೇ ತಡ, ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಸುದ್ದಿಯಾಯಿತು. ಎದುರು ಮನೆಯವರು ಮಂಡ್ಯದ ಕಡೆಯ ಹುಡುಗನೊಬ್ಬನ ಗುಣಗಾನ ಮಾಡಿದರು: ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಬುತ್ತಿ ಮನೆಯಿಂದಲೇ ತರುತ್ತಾನೆ. ಮೂಲೆಯ ಔಷಧದಂಗಡಿಯವರು “ದಿನಗೂಲಿಯೋ, ತಿಂಗಳ ಸಂಬಳವೋ?” ಎಂದು ವಿಚಾರಿಸಿದರು. ನಾವು ಹುಡುಕುತ್ತಿದ್ದ ಡ್ರೈವರಿನ ವಿವರ ಕೇಳಿದ ಮೇಲೆ ಅವರಿಬ್ಬರೂ ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಉದ್ದ ಮೂರು ಮುಕ್ಕಾಲು ಅಡಿ. ತೂಕ ಸುಮಾರು 300 ಗ್ರಾಂ. ತಲೆ ದೊಡ್ಡದು, ಒಳಗೆ ಪೊಳ್ಳು. ಸಂಬಳ ಕೇಳುವುದಿಲ್ಲ, ಆದರೆ ಕೆಲಸಕ್ಕೆ ಸೇರುವ ಮೊದಲೇ 50,000 ರೂಪಾಯಿ ಎಣಿಸಬೇಕಾಗಬಹುದು. ಸೇರಿದ ಮೇಲೂ ಹೇಳಿದ ದಾರಿಯಲ್ಲಿಯೇ ಹೋಗುತ್ತಾನೆಂಬ ಭರವಸೆಯಿಲ್ಲ.

ಗಾಲ್ಫ್ ಆಡದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಈ ಆಟದಲ್ಲಿ ಒಬ್ಬನು ಹದಿನಾಲ್ಕು ಕೋಲುಗಳವರೆಗೆ ಚೀಲದಲ್ಲಿ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು, ಚೆಂಡನ್ನು ಎಲ್ಲಕ್ಕಿಂತ ದೂರ ಕಳಿಸುವುದು ಡ್ರೈವರ್. ಹೋಲಿನ ಆರಂಭದಲ್ಲಿ ಟೀ ಎಂಬ ಸಣ್ಣ ಮೊಳೆಯ ಮೇಲೆ ಚೆಂಡನ್ನಿಟ್ಟು ಇದರಿಂದ ಬೀಸುತ್ತಾರೆ. ಉಳಿದ ಕೋಲುಗಳಿಂದ ಆಡುವಾಗ ನೀವು ಎಲ್ಲೋ ಒಂದು ಗಿಡದ ಮರೆಯಲ್ಲಿ ಒಬ್ಬರೇ ಇರುತ್ತೀರಿ, ಆದದ್ದು ಆಗಿಹೋಗುತ್ತದೆ. ಡ್ರೈವರ್ ಎತ್ತಿದಾಗ ಮಾತ್ರ ಜೊತೆಯವರು, ಕ್ಯಾಡಿಗಳು, ಹಿಂದಿನ ಸರದಿಗಾಗಿ ಕಾದಿರುವವರು ಎಲ್ಲರೂ ಮಾತು ನಿಲ್ಲಿಸಿ ನಿಮ್ಮನ್ನೇ ನೋಡುತ್ತಾರೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಹಲಗೆಯ ಮುಂದೆ ಬಿಟ್ಟರೆ ಮನುಷ್ಯನ ಗಂಟಲು ಅಷ್ಟು ಒಣಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಭಾವ. ಅವರು ನನ್ನ ಹೆಂಡತಿಯ ಅಕ್ಕನ ಗಂಡ, ಎಂದರೆ ನನಗೆ ಷಡ್ಡಕ. ಹೆಂಡತಿ ಕರೆಯುವಂತೆ ನಾನೂ ಭಾವ ಎಂದೇ ಕರೆಯುತ್ತೇನೆ. ಷಡ್ಡಕರ ನಂಟು ವಿಚಿತ್ರವಾದದ್ದು. ಒಂದೇ ಮಾವನ ಮನೆಯಲ್ಲಿ ಪಾಯಸ ಉಂಡವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ನಾನು ಕಾರ್ಖಾನೆಯೊಂದರ ಉಪಕರಣ ವಿಭಾಗದಲ್ಲಿದ್ದವನು. ಇಪ್ಪತ್ತೆರಡು ವರ್ಷಗಳಿಂದ ಶನಿವಾರ ಬೆಳಗ್ಗೆ ಆರೂವರೆಗೆ ಒಟ್ಟಿಗೆ ಆಡುತ್ತ ಬಂದಿದ್ದೇವೆ. ಈ ಇಪ್ಪತ್ತೆರಡು ವರ್ಷವೂ ಅವರ ಡ್ರೈವರಿನ ಚೆಂಡು ನನ್ನ ಚೆಂಡಿಗಿಂತ ಹದಿನೈದು ಗಜ ಮುಂದೆಯೇ ಬಿದ್ದಿರುತ್ತಿತ್ತು. ಅವರು ಅದನ್ನು ಒಂದು ದಿನವೂ ಆಡಿ ತೋರಿಸಿದವರಲ್ಲ. ನನ್ನ ಚೆಂಡಿನ ಹತ್ತಿರ ಬಂದಾಗ ಸುಮ್ಮನೆ ನಿಂತು ಮೋಡ ನೋಡುತ್ತಿದ್ದರು. ಆ ಮೋಡ ನೋಡುವುದನ್ನು ಸಹಿಸುವುದು ಮಾತಿಗಿಂತ ಕಷ್ಟವಾಗಿತ್ತು.

ಎರಡು ವರ್ಷದ ಹಿಂದೆ ಅವರಿಗೆ ಎದೆಯ ಆಪರೇಷನ್ ಆಯಿತು. ಮೂರು ಕಡೆ ಬೈಪಾಸ್. ಆರು ತಿಂಗಳಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮತ್ತೆ ಮೈದಾನಕ್ಕೆ ಬಂದರು. ಸಣ್ಣ ಹೊಡೆತಗಳೆಲ್ಲ ಮೊದಲಿನಂತೆಯೇ ಇದ್ದವು. ಡ್ರೈವರ್ ಮಾತ್ರ ಅವರ ಮಾತು ಕೇಳಲಿಲ್ಲ. ಚೆಂಡು ತಗ್ಗಾಗಿ ಹಾರಿ, ಬಲಕ್ಕೆ ತಿರುಗಿ, ಮೊದಲಿಗಿಂತ ನಲವತ್ತು ಗಜ ಹಿಂದೆಯೇ ಕೂತುಬಿಡುತ್ತಿತ್ತು. ನಲವತ್ತು ಗಜ ಹೋದರೆ ಹೋಗಲಿ, ಇನ್ನೊಂದು ಹೊಡೆತ ಹೆಚ್ಚು ಆಡಿದರಾಯಿತು ಎನ್ನಬಹುದು. ಆದರೆ ನಮ್ಮ ಮೈದಾನದ 7ನೆಯ ಹೋಲಿನಲ್ಲಿ ಒಂದು ಕುಂಟೆ ಇದೆ. ಟೀಯಿಂದ ಅದರ ಆಚೆ ದಡಕ್ಕೆ 155 ಗಜ. ಬಳಸಿಕೊಂಡು ಹೋಗಲು ಚೆಂಡಿಗೆ ದಾರಿಯಿಲ್ಲ. ಒಂದೇ ನೆಗೆತಕ್ಕೆ ದಾಟಬೇಕು, ಇಲ್ಲವೇ ಮುಳುಗಬೇಕು.

ನಾಲ್ಕು ಶನಿವಾರ ಅವರ ಚೆಂಡು ನೀರಿಗೆ ಬಿತ್ತು. ಐದನೆಯ ಶನಿವಾರ ಅವರು ಡ್ರೈವರನ್ನು ಚೀಲಕ್ಕೆ ಸೇರಿಸಿ, “ನೀವು ಆಡಿ, ನಾನು ಆ ಕಡೆ ಬಂದು ಸೇರಿಕೊಳ್ಳುತ್ತೇನೆ” ಎಂದು ದಡದ ಕಾಲುದಾರಿ ಹಿಡಿದು ನಡೆದರು. ಕ್ಯಾಡಿಯ ಹುಡುಗ ನನ್ನ ಮುಖ ನೋಡಿದ. ನಾನು ಚೆಂಡು ನೋಡಿದೆ. ಅದಾದ ಮೂರನೆಯ ವಾರ ಶುಕ್ರವಾರ ರಾತ್ರಿ ಅವರ ಫೋನು ಬಂತು: “ನಾಳೆ ನನಗೆ ಆಗುವುದಿಲ್ಲ, ಮನೆಗೆ ನೆಂಟರು ಬರುತ್ತಾರೆ.” ಯಾವ ನೆಂಟರೆಂದು ನಾನು ಕೇಳಲಿಲ್ಲ. ಅವರ ನೆಂಟರೆಲ್ಲ ನನ್ನ ನೆಂಟರೇ ಅಲ್ಲವೇ! ಯಾರೂ ಬರುವವರಿರಲಿಲ್ಲ.

ಮರುದಿನ ಅಕ್ಕ ತಂಗಿಯರಿಬ್ಬರೂ ಬಹಳ ಹೊತ್ತು ಮಾತಾಡಿದರು. ದಿನಾ ನಡೆಯಬೇಕೆಂದು ವೈದ್ಯರ ಕಟ್ಟಪ್ಪಣೆ. ಆದರೆ ನಡೆಯುವುದಕ್ಕಾಗಿಯೇ ನಡೆಯುವ ಜಾತಿಯವರಲ್ಲ ಭಾವ. ಪಾರ್ಕಿಗೆ ಕಳಿಸಿದರೆ ಮೊದಲನೆಯ ಕಲ್ಲುಬೆಂಚಿನ ಮೇಲೆ ಪತ್ರಿಕೆ ಬಿಚ್ಚುತ್ತಾರೆ. ಹದಿನೆಂಟು ಹೋಲ್ ಆಡಿದರೆ ಏಳೆಂಟು ಕಿಲೋಮೀಟರ್ ತಿಳಿಯದಂತೆಯೇ ನಡೆದಿರುತ್ತಾರೆ. “ಆಟ ಬಿಟ್ಟರೆ ಇವರು ಸೋಫಾ ಬಿಟ್ಟು ಏಳುವುದಿಲ್ಲ ಕಣೇ” ಎಂದು ಅಕ್ಕ ಅತ್ತರಂತೆ. ಹೀಗೆ ಡ್ರೈವರ್ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಕ್ಲಬ್ಬಿನ ಕ್ಯಾಂಟೀನಿನಲ್ಲಿ ಈ ವಿಷಯ ಎತ್ತಿದೆ. ಸಲಹೆಗೆ ಬರವಿರಲಿಲ್ಲ.

ಮಕ್ಕಳ ವೈದ್ಯರೊಬ್ಬರಿದ್ದಾರೆ, ಅವರ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಮೂರು ಡ್ರೈವರುಗಳು. ಪ್ರತಿ ವರ್ಷ ಹೊಸ ಮಾದರಿ ಬಂದಾಗ ಕೊಳ್ಳುತ್ತಾರೆ. ಮೊದಲ ವಾರ ಇಪ್ಪತ್ತು ಗಜ ಹೆಚ್ಚು ಹೋಗುತ್ತದೆಂದು ಎಲ್ಲರಿಗೂ ಇಡ್ಲಿ ಕೊಡಿಸುತ್ತಾರೆ. ಮೂರನೆಯ ತಿಂಗಳು ಅದನ್ನು ಅರ್ಧ ಬೆಲೆಗೆ ಮಾರುತ್ತಾರೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆಯನ್ನು ನಾನು ಅವರಿಗೆ ಹೇಳಿಲ್ಲ, ಇಡ್ಲಿಯ ಋಣವಿದೆ. ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ, ಟೆಲಿವಿಷನ್ನಿನಲ್ಲಿ ಕಾಣುವ ವೃತ್ತಿಪರರು ಬಳಸುವ ಅತಿ ಗಟ್ಟಿ ಶಾಫ್ಟನ್ನೇ ಹಾಕಿಸಿಕೊಂಡಿದ್ದಾನೆ. ಅಮೆರಿಕದ ಆ ವೃತ್ತಿಪರರ ಡ್ರೈವರಿನ ತಲೆ ಗಂಟೆಗೆ ಸರಾಸರಿ 115 ಮೈಲಿಯ ಆಸುಪಾಸಿನಲ್ಲಿ ಚೆಂಡಿಗೆ ಬಡಿಯುತ್ತದೆ, ಇವನದು 95. ಚೆಂಡು ನೆಟ್ಟಗೆ ಬಲಗಡೆಯ ನೀಲಗಿರಿ ತೋಪಿಗೆ ಹೋಗುತ್ತದೆ. ಅಲ್ಲಿ ಚೆಂಡು ಹುಡುಕಿ ಮಾರುವ ಹುಡುಗರಿಗೆ ಅವನು ಅನ್ನದಾತ.

ಇನ್ನೊಬ್ಬರು, “ದೂರ ಯಾಕ್ರೀ ಬೇಕು? ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಳನ್ನು ನೋಡಿ” ಎಂದರು. ಅದು ನಿಜವೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ತಾಯಿಯ ಹೆಗಲ ಮೇಲೆ ಚೀಲ ಹೊರಿಸಿ ಆಡಿದ ಆ ಹುಡುಗಿ, ಡ್ರೈವರಿನ ದೂರದಲ್ಲಿ ಬಹುಮಟ್ಟಿಗೆ ಎಲ್ಲರಿಗಿಂತ ಹಿಂದಿದ್ದೂ ನಾಲ್ಕನೆಯ ಸ್ಥಾನಕ್ಕೆ ಬಂದಳು. ಒಂದೇ ಒಂದು ಹೊಡೆತದಿಂದ ಪದಕದ ಸ್ಪರ್ಧೆ ತಪ್ಪಿತು. ಈ ಮಾತನ್ನು ಭಾವನಿಗೆ ಮುಟ್ಟಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅವಳು ಏಳನೇ ಹೋಲಿನ ಕುಂಟೆ ದಾಟುತ್ತಾಳಲ್ಲ” ಎಂದರು.

ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದವರು ಎಂಬತ್ತು ದಾಟಿದ ಕರ್ನಲ್ಲರು. ಅವರ ಮನೆಯ ಗೋಡೆಯ ಮೇಲೆ ಹಳೆಯ ಮರದ ಡ್ರೈವರ್ ಒಂದಿದೆ; ತಲೆ ಪರ್ಸಿಮನ್ ಮರದ್ದು. ಪರ್ಸಿಮನ್ ಎಂದರೆ ಹೆದರಬೇಕಾಗಿಲ್ಲ. ಅದು ಅಮೆರಿಕದ ಮರವಾದರೂ ನಮ್ಮ ಬೀಡಿ ಎಲೆಯ ಮರಕ್ಕೆ ದಾಯಾದಿ, ಒಂದೇ ಕುಲ. ಗಟ್ಟಿ, ಒತ್ತಾದ ನಾರು. ಗಾಲ್ಫ್ ಕೋಲುಗಳ ಕಾವು ಹಿಂದಿನ ಕಾಲದಲ್ಲಿ ಹಿಕರಿ ಮರದ್ದಾಗಿತ್ತು; ಅಮೆರಿಕದ ರೈತರು ಕೊಡಲಿಗೆ ಹಾಕುತ್ತಿದ್ದದ್ದೂ ಅದೇ ಹಿಕರಿಯನ್ನೇ. ಆ ಮರ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಆದ್ದರಿಂದ ಆಗಿನವರು ಅವಸರವಿಲ್ಲದೆ ಬೀಸಬೇಕಾಗುತ್ತಿತ್ತು. ಉಕ್ಕಿನ ಕೊಳವೆ ಬಂದಮೇಲೂ ಸೇಂಟ್ ಆಂಡ್ರೂಸ್‌ನ ಹಿರಿಯರು ಬಹಳ ಕಾಲ ಬೇಡವೆಂದು ಕೂತಿದ್ದು, 1929ರಲ್ಲಿ ಒಪ್ಪಿದರು. ಆದರೂ ಅಟ್ಲಾಂಟಾದ ವಕೀಲ ಬಾಬಿ ಜೋನ್ಸ್ 1930ರಲ್ಲಿ ಆ ಕಾಲದ ನಾಲ್ಕು ದೊಡ್ಡ ಪಂದ್ಯಗಳನ್ನೂ ಗೆದ್ದದ್ದು ಹಿಕರಿಯ ಕೋಲುಗಳಿಂದಲೇ.

ಈ ಜೋನ್ಸನ ಬಗ್ಗೆ ಒಂದು ಕತೆ ಗಾಲ್ಫ್ ಆಡುವವರ ಬಾಯಲ್ಲಿ ಇಂದಿಗೂ ಓಡಾಡುತ್ತದೆ. ಅವನು ವರ್ಷಗಟ್ಟಲೆ ನೂರಾರು ಕೋಲುಗಳನ್ನು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಕೈಗೆ ಒಪ್ಪಿದ್ದನ್ನು ಮಾತ್ರ ಆರಿಸಿ ತನ್ನ ಚೀಲ ತುಂಬಿದ್ದನಂತೆ. ಅನಂತರ ಯಾರೋ ಅವನ್ನು ಯಂತ್ರದ ಮೇಲಿಟ್ಟು ಅಳೆದು ನೋಡಿದಾಗ ಒಂದರ ಹೊರತು ಎಲ್ಲವೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವಂತೆ. ಹೊಂದದಿದ್ದ ಆ ಒಂದು ಕೋಲು ಜೀವಮಾನವೆಲ್ಲ ಅವನಿಗೆ ಕಾಟ ಕೊಟ್ಟದ್ದೇ ಆಗಿತ್ತಂತೆ. ಕತೆಗೆ ಎಷ್ಟು ಬಣ್ಣ ಸೇರಿದೆಯೋ, ನನಗಂತೂ ಅದರಲ್ಲಿ ನಂಬಿಕೆಯಿದೆ. ನನ್ನ ಅಜ್ಜ ತೀರ್ಥಹಳ್ಳಿಯ ಕಡೆಯ ಕೃಷಿಕರು. ಕೊಡಲಿಗೆ ಕಾವು ಹಾಕುವಾಗ ಅವರು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಯಾವ ಆಳಿಗೆ ಕೊಡಲಿಯೋ ಅವನನ್ನು ಕರೆದು, ಒಂದು ಒಣ ಕೊರಡಿಗೆ ನಾಲ್ಕು ಪೆಟ್ಟು ಹಾಕಿಸಿ, ಅವನ ಹೆಗಲು ಇಳಿಯುವುದನ್ನು ನೋಡಿ, ಗಾಜಿನ ಚೂರಿನಿಂದ ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಹೆರೆಯುತ್ತಿದ್ದರು. ಒಬ್ಬನ ಕೊಡಲಿ ಇನ್ನೊಬ್ಬ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಸಂಜೆಗೆ ಭುಜ ಹಿಡಿದುಕೊಂಡು ಬರುತ್ತಿದ್ದ.

ಕರ್ನಲ್ಲರ ಪ್ರಕಾರ ಇತಿಹಾಸ ಪರ್ಸಿಮನ್ನಿಗೇ ನಿಂತಿದೆ. ಅದು ಮುಂದುವರಿದದ್ದು ಹೀಗೆ: 1970ರ ದಶಕದ ಆರಂಭದಲ್ಲಿ ಇಂಗಾಲದ ನಾರಿನ ಗ್ರಾಫೈಟ್ ಶಾಫ್ಟು ಬಂತು, ಉಕ್ಕಿನದಕ್ಕಿಂತ ಹಗುರ. 1979ರಲ್ಲಿ ಗ್ಯಾರಿ ಆಡಮ್ಸ್ ಎಂಬಾತ ಟೇಲರ್‌ಮೇಡ್ ಕಂಪನಿ ಆರಂಭಿಸಿ ಲೋಹದ ತಲೆ ತಂದ, ಜನ ನಕ್ಕರು. 1993ರಲ್ಲಿ ಮಾಸ್ಟರ್ಸ್ ಪಂದ್ಯವನ್ನು ಬರ್ನ್‌ಹಾರ್ಡ್ ಲ್ಯಾಂಗರ್ ಗೆದ್ದದ್ದೇ ಪರ್ಸಿಮನ್ ಡ್ರೈವರ್ ಗೆದ್ದ ಕೊನೆಯ ದೊಡ್ಡ ಪಂದ್ಯ. ಆಮೇಲೆ ಟೈಟಾನಿಯಂ ಬಂದು ತಲೆ ಉಬ್ಬುತ್ತ ಉಬ್ಬುತ್ತ ಹೋಗಿ, 2004ರಲ್ಲಿ ನಿಯಮದವರು 460 ಘನ ಸೆಂಟಿಮೀಟರಿಗೆ ಗೆರೆ ಎಳೆದರು. ಈಗ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ; ಮುಖದ ಚಿಮ್ಮುವ ಗುಣಕ್ಕೂ ಮಿತಿಯಿದೆ. ಹೀಗಾಗಿ ಜಾಹೀರಾತು ಏನೇ ಹೇಳಲಿ, ಎರಡು ಒಳ್ಳೆಯ ಡ್ರೈವರುಗಳ ನಡುವಿನ ಅಂತರ ಉಳಿದಿರುವುದು ಬಹಳಮಟ್ಟಿಗೆ ತಲೆಯಲ್ಲಲ್ಲ. ಕಾವಿನಲ್ಲಿ, ಮತ್ತು ಆ ಕಾವನ್ನು ಹಿಡಿದವನಲ್ಲಿ.

ಕಾವಿನ ಮೇಲೆ ಒಂದು ಅಕ್ಷರವಿರುತ್ತದೆ. ಗೊಂದಲವೆಲ್ಲ ಇಲ್ಲೇ. ಎಕ್ಸ್ ಎಂದರೆ ಅತಿ ಗಟ್ಟಿ, ಎಸ್ ಎಂದರೆ ಗಟ್ಟಿ (ಸೀನಿಯರ್ ಎಂದು ನನ್ನ ಹೆಂಡತಿ ತಿಳಿದಿದ್ದಳು, ಅದರಲ್ಲಿ ಅವಳ ತಪ್ಪಿಲ್ಲ), ಆರ್ ಎಂದರೆ ಸಾಧಾರಣ, ಅದಕ್ಕಿಂತ ಮೆತ್ತಗಿನದು ಎ, ಎಲ್ ಎಂದರೆ ಲೇಡೀಸ್. ‘ಎ’ ಅಕ್ಷರಕ್ಕೆ ಮೊದಲಲ್ಲಿ ಅಮೆಚೂರ್ ಎಂಬ ಅರ್ಥವಿತ್ತು. ಈಗ ಅದನ್ನು ವಯಸ್ಸಾದವರ ಶಾಫ್ಟು ಎಂದು ಎಲ್ಲರೂ ತಿಳಿಯುತ್ತಾರೆ. ಮೈದಾನದಲ್ಲಿ ಗಂಡಸರು ತಮ್ಮ ಸಕ್ಕರೆ ಕಾಯಿಲೆಯ ಅಂಕಿಯನ್ನಾದರೂ ಹೇಳಿಕೊಳ್ಳುತ್ತಾರೆ, ಶಾಫ್ಟಿನ ಅಕ್ಷರ ಕೇಳಿದರೆ ಮಾತು ತೇಲಿಸುತ್ತಾರೆ. ಎಸ್‌ನಿಂದ ಆರ್‌ಗೆ ಇಳಿಯುವುದು ಹಿಂಬಡ್ತಿಯಂತೆ. ಎ ಎಂದರೆ ಪಿಂಚಣಿ.

ಇದರಲ್ಲಿ ನಗು ಬರುವ ಸಂಗತಿಯೆಂದರೆ, ಈ ಅಕ್ಷರಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆ ಎಂಬುದೇ ಇಲ್ಲ. ಕಾರ್ಖಾನೆಯಲ್ಲಿ ಒಂದು ಬೋಲ್ಟಿಗೂ ದೇಶವೆಲ್ಲ ಒಪ್ಪುವ ಅಳತೆ ನೋಡಿ ಬೆಳೆದವನಿಗೆ ಇದು ಅರಾಜಕತೆಯಾಗಿ ಕಾಣುತ್ತದೆ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗಿಂತ ಗಟ್ಟಿಯಾಗಿರಬಹುದು. ಅಕ್ಷರದ ಜೊತೆಗೆ ತೂಕವಿದೆ, ತಿರುಚುವ ಗುಣವಿದೆ, ಎಲ್ಲಿ ಹೆಚ್ಚು ಬಾಗುತ್ತದೆ, ಬುಡದಲ್ಲೋ ತುದಿಯಲ್ಲೋ ಎಂಬುದಿದೆ. ನಮ್ಮಲ್ಲಿ ಜಾತಕ ಕೂಡಿಸುವವರು ಇಷ್ಟು ನೋಡುವುದಿಲ್ಲ.

ಮೆತ್ತಗಿನ ಶಾಫ್ಟು ಚಾವಟಿಯ ಹಾಗೆ ಚೆಂಡನ್ನು ಚಿಮ್ಮಿಸುತ್ತದೆ ಎಂದು ಕ್ಯಾಂಟೀನಿನಲ್ಲಿ ಅರ್ಧ ಜನ, ಗಟ್ಟಿ ಶಾಫ್ಟು ಕೈಯ ಬಲವನ್ನೆಲ್ಲ ಚೆಂಡಿಗೆ ಮುಟ್ಟಿಸುತ್ತದೆ ಎಂದು ಉಳಿದರ್ಧ ಜನ ವಾದಿಸುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಡ್ರೈವರಿನ ಮುಖ ಚೆಂಡನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಪೆಟ್ಟಿನ ಸುದ್ದಿ ಕೈಗೆ ತಲುಪುವ ವೇಳೆಗೆ ಚೆಂಡು ಹೊರಟುಹೋಗಿರುತ್ತದೆ. 1968ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸೊಗಸಾದ ಪ್ರಯೋಗವಿದೆ: ಡ್ರೈವರಿನ ತಲೆಯ ಸ್ವಲ್ಪ ಮೇಲೆ, ಕಾವಿನಲ್ಲಿ, ಒಂದು ಕೀಲು ಕೂರಿಸಿ ಹೊಡೆದು ನೋಡಿದರು. ಚೆಂಡು ಹೆಚ್ಚುಕಡಿಮೆ ಮಾಮೂಲಿನಂತೆಯೇ ಹೋಯಿತು! ಆ ಕ್ಷಣದಲ್ಲಿ ತಲೆ ಸ್ವತಂತ್ರ. ಕೈ ಅದಕ್ಕೆ ಏನೂ ಸಹಾಯ ಮಾಡಲಾರದು. ಹಾಗಾದರೆ ಶಾಫ್ಟು ಮಾಡುವುದೇನು? ತಲೆಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಮುಖದಲ್ಲಿ ಚೆಂಡಿನ ಹತ್ತಿರ ತಂದು ಬಿಡುವುದು. ಕೋಲನ್ನು ಮೇಲೆತ್ತಿ ಕೆಳಕ್ಕೆ ತಿರುಗಿಸಿದಾಗ ಅದು ಹಿಂದಕ್ಕೆ ಬಾಗುತ್ತದೆ. ಕೆಳಗೆ ಬರುತ್ತ ನೆಟ್ಟಗಾಗಿ, ಚೆಂಡನ್ನು ಮುಟ್ಟುವ ವೇಳೆಗೆ ತುಸು ಮುಂದಕ್ಕೇ ಬಾಗಿರುತ್ತದೆ. ಆ ಬಾಗು ಬಳುಕಿನ ಕಾಲ, ಬೀಸುವವನ ಕಾಲ, ಎರಡೂ ಕೂಡಬೇಕು. ನಮ್ಮ ತೋಟದಲ್ಲಿ ದೋಟಿ ಹಿಡಿದು ಅಡಕೆ ಕೀಳುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದದ ಬಿದಿರು ಬಳುಕುವುದು ನಿಲ್ಲುವವರೆಗೂ ಅವರು ಕಾಯುತ್ತಾರೆ.

ಬೆಂಗಳೂರಿನಲ್ಲಿ ಈಗ ಇದಕ್ಕೆಂದೇ ಅಂಗಡಿಗಳಿವೆ. ಭಾವನನ್ನು ಅಲ್ಲಿಗೆ ಕರೆದೊಯ್ಯುವುದು ಸುಲಭವಾಗಲಿಲ್ಲ. ನನಗೇ ಒಂದು ಡ್ರೈವರ್ ನೋಡಬೇಕಾಗಿದೆ, ಜೊತೆಗೆ ಬನ್ನಿ ಎಂದು ಹೇಳಿ ಹೊರಡಿಸಿದೆ. ಅಲ್ಲಿದ್ದವನು ಹಾಸನದ ಕಡೆಯ ಇಪ್ಪತ್ತಾರು ವರ್ಷದ ಹುಡುಗ, ಮೆಕ್ಯಾನಿಕಲ್ ಎಂಜಿನಿಯರ್. ಬಲೆ ಕಟ್ಟಿದ ಕೋಣೆ, ನೆಲಕ್ಕೆ ಹಸಿರು ಚಾಪೆ, ಹಿಂದೆ ಟಿಫಿನ್ ಡಬ್ಬಿಯಷ್ಟು ದೊಡ್ಡ ರಾಡಾರ್ ಯಂತ್ರ. ನಾನು ಐದಾರು ಚೆಂಡು ಹೊಡೆದೆ. ನನ್ನ ಒಂಬತ್ತು ವರ್ಷದ ಡ್ರೈವರೇ ನನಗೆ ಸರಿಯಾಗಿದೆಯೆಂದು ಅವನು ಹೇಳಿದ. ಅವನ ಮೇಲೆ ನನಗೆ ವಿಶ್ವಾಸ ಬಂದದ್ದು ಆಗಲೇ. ಮಾರಲು ಕೂತವನು ಕೊಳ್ಳಬೇಡಿ ಎನ್ನುವುದು ಅಪರೂಪ.

“ಸರ್, ನೀವೂ ಬನ್ನಿ” ಎಂದು ಭಾವನನ್ನು ಕರೆದ. “ಯಾವ ಡ್ರೈವರ್ ಬೇಕು ಅಂತ ಹೇಳಬೇಡಿ. ತೊಂದರೆ ಎಲ್ಲಿದೆ ಹೇಳಿ.”

“ಏಳನೇ ಹೋಲಿನಲ್ಲಿ” ಎಂದರು ಭಾವ.

ಅವರ ಹಳೆಯ ಡ್ರೈವರ್ 2016ರಲ್ಲಿ ಕೊಂಡದ್ದು. ಎಸ್ ಶಾಫ್ಟು, 66 ಗ್ರಾಂ, ಉದ್ದ ನಲವತ್ತೈದೂವರೆ ಅಂಗುಲ, ಮುಖದ ಓರೆ ಒಂಬತ್ತೂವರೆ ಡಿಗ್ರಿ. ಹುಡುಗ ಅದರ ಮುಖಕ್ಕೆ ಕಾಲಿಗೆ ಹೊಡೆಯುವ ಪೌಡರಿನ ಸ್ಪ್ರೇ ಹಾಕಿದ. ಪ್ರತಿ ಹೊಡೆತಕ್ಕೂ ಚೆಂಡು ತಗುಲಿದ ಕಡೆ ಒಂದೊಂದು ಗುಂಡನೆಯ ಗುರುತು. ಹತ್ತರಲ್ಲಿ ಎಂಟು ಗುರುತುಗಳು ಕಾವಿನ ಕಡೆಗೆ, ಕೆಳಗೆ. ತಲೆಯ ವೇಗ 79 ಮೈಲಿ, ಚೆಂಡಿನದು 110. ಹಾರುವ ಕೋನ ಒಂಬತ್ತು ಡಿಗ್ರಿ. ಗಾಳಿಯಲ್ಲಿ ಹೋದ ದೂರ 147 ಗಜ. ಕುಂಟೆಗೆ ಎಂಟು ಗಜ ಕಡಿಮೆ. ಭಾವ ಪರದೆಯ ಮೇಲಿನ ಆ ಅಂಕಿಯನ್ನು, ತಾಳೆಯಾಗದ ಲೆಕ್ಕ ನೋಡುವ ಬ್ಯಾಂಕಿನವರಂತೆ, ಕನ್ನಡಕ ಸರಿಮಾಡಿಕೊಂಡು ನೋಡಿದರು.

ಮೊದಲು ಅವನು ಕೊಟ್ಟದ್ದು 42 ಗ್ರಾಂನ ಹಗುರ ಶಾಫ್ಟು. ವೇಗ 83ಕ್ಕೆ ಏರಿತು. ನಾನು ಗೆದ್ದೆವೆಂದುಕೊಂಡೆ, ಹುಡುಗ ತಲೆಯಾಡಿಸಿದ. ಪೌಡರಿನ ಗುರುತುಗಳು ದೀಪಾವಳಿಯ ಚಿನಕುರುಳಿಯಂತೆ ಮುಖದ ತುಂಬ ಚೆದುರಿದ್ದವು. ಒಂದು ಚೆಂಡು 170 ಗಜ, ಇನ್ನೊಂದು 135. “ತುಂಬ ಹಗುರ ಆದರೆ ಸರ್‌ಗೆ ತಲೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ಅವಸರ ಮಾಡ್ತಾರೆ” ಎಂದ. ನನ್ನ ಕಿವಿ ನೆಟ್ಟಗಾಯಿತು. ಭಾವ ಅವಸರ ಮಾಡಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವರದು ಚೌಕ ಕಾಲದ ಆಟ: ನಿಧಾನವಾಗಿ ಎತ್ತಿ, ಮೇಲೆ ಒಂದು ಕ್ಷಣ ನಿಂತು, ಮತ್ತೆ ನಿಧಾನವಾಗಿಯೇ ಇಳಿಸುವುದು. ಆಪರೇಷನ್ನಿನ ನಂತರ ಭಾರದ ಗಟ್ಟಿ ಶಾಫ್ಟನ್ನು ಬಗ್ಗಿಸಲು ಎದೆಯಲ್ಲಿ ಬಲ ಸಾಲದೆ, ತೋಳಿನಿಂದ ಎಳೆಯುವುದನ್ನು ಕಲಿತಿದ್ದರು. ಚೌಕ ಕಾಲದ ಕೀರ್ತನೆಯನ್ನು ಯಾರೋ ದ್ರುತಕ್ಕೆ ದೂಡಿದ ಹಾಗೆ ಆಗಿತ್ತು.

ಆಮೇಲೆ ಒಂದೂವರೆ ಗಂಟೆಯ ಕೆಲಸ. ಶಾಫ್ಟು ಬದಲಿಸುವುದು, ನಾಲ್ಕು ಚೆಂಡು, ನೀರು ಕುಡಿಯುವುದು, ಕೂರುವುದು. ನಡುನಡುವೆ ಅವನು ಹಳೆಯದನ್ನೇ ಕೊಟ್ಟು ಹೊಡೆಸುತ್ತಿದ್ದ. “ಹೊಸದರಲ್ಲಿ ಎಲ್ಲರೂ ಚೆನ್ನಾಗಿ ಹೊಡೀತಾರೆ ಸರ್, ದಣಿದ ಮೇಲೆ ಏನಾಗುತ್ತೆ ನೋಡಬೇಕು.” ಹೊಸ ತಲೆ ಬೇಡವೆಂದೂ ಅವನೇ ಹೇಳಿದ, ಭಾವನ ಹಳೆಯ ತಲೆಯ ಕುತ್ತಿಗೆಯಲ್ಲಿ ಒಂದು ತಿರುಪಿದೆ, ಅದನ್ನು ತಿರುಗಿಸಿ ಓರೆಯನ್ನು ಒಂದೂವರೆ ಡಿಗ್ರಿ ಹೆಚ್ಚಿಸಿದ. ಹಾಗೆ ಹೆಚ್ಚಿಸಿದಾಗ ಮುಖ ತುಸು ಎಡಕ್ಕೆ ಮುಚ್ಚುತ್ತದೆ. ಬಲಕ್ಕೆ ಓಡುವ ಚೆಂಡಿಗೆ ಅದೂ ಮದ್ದು. ಶಾಫ್ಟನ್ನು ಮುಕ್ಕಾಲು ಅಂಗುಲ ಗಿಡ್ಡ ಮಾಡಿದ. ಗಿಡ್ಡ ಮಾಡಿದರೆ ತಲೆ ಕೈಗೆ ಹಗುರವೆನಿಸುತ್ತದೆ. ಅದಕ್ಕಾಗಿ ತಲೆಯ ಅಡಿಯ ಸಣ್ಣ ತೂಕವನ್ನು ತೆಗೆದು ಇನ್ನೂ ಭಾರದ್ದನ್ನು ಕೂರಿಸಿದ. ನಮ್ಮ ಅಜ್ಜನಿಗೆ ಇವನು ಮೊಮ್ಮಗನಾಗಬೇಕಿತ್ತು ಎನ್ನಿಸಿತು. ಕಡೆಗೆ 52 ಗ್ರಾಂನ ಶಾಫ್ಟೊಂದು ಭಾವನ ಕೈಯಲ್ಲಿ ನಿಂತಿತು. ವೇಗ 80, ಹಳೆಯದಕ್ಕಿಂತ ಒಂದೇ ಮೈಲಿ ಹೆಚ್ಚು. ಆದರೆ ಗುರುತುಗಳೆಲ್ಲ ಎಂಟಾಣೆಯಷ್ಟು ಜಾಗದಲ್ಲಿ, ನಡುಮಧ್ಯೆ. ಚೆಂಡಿನ ವೇಗ 116, ಕೋನ ಹದಿನಾಲ್ಕು, ದೂರ 168, 165, 169. ದಣಿದ ಮೇಲೂ 163. ವೇಗ ಹೆಚ್ಚಿಸದೆಯೇ ಇಪ್ಪತ್ತು ಗಜ ಬಂದಿತ್ತು. ಮುಖ್ಯವಾಗಿ, ಮೇಲೆ ಆ ಒಂದು ಕ್ಷಣದ ನಿಲುಗಡೆ ತಾನಾಗಿಯೇ ಮರಳಿತ್ತು. ಯಂತ್ರ ಅದನ್ನು ಅಳೆಯಲಿಲ್ಲ, ನಾನು ಕಂಡೆ.

ಆಗ ಭಾವ ಕೋಲನ್ನು ತಿರುಗಿಸಿ ಅಕ್ಷರ ಓದಿದರು. ಎ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರು ಕೋಲನ್ನು ಗೋಡೆಗೆ ಒರಗಿಸಿ, “ಆರ್ ಇನ್ನೊಂದು ಸಲ ನೋಡೋಣವೇ?” ಎಂದರು. ಹುಡುಗ ಏನೂ ಹೇಳದೆ ಕೊಟ್ಟ. ಐದು ಚೆಂಡು. 151, 148, 156, 144, 150. ಅವರು ಕೂತು ಬೆವರು ಒರೆಸಿಕೊಂಡರು. ಆಪರೇಷನ್ ಮಾಡಿದ ವೈದ್ಯರು ಷರತ್ತುಗಳ ಪಟ್ಟಿ ಓದಿದಾಗಲೂ ಅವರ ಮುಖ ಹಾಗಾಗಿರಲಿಲ್ಲ.

ಹುಡುಗ ಜಾಣ. ಎರಡು ಶಾಫ್ಟುಗಳನ್ನು ತಂದು, ಬುಡವನ್ನು ಒಂದು ಇಕ್ಕಳಕ್ಕೆ ಸಿಕ್ಕಿಸಿ, ತುದಿಯನ್ನು ತಂಬೂರಿಯ ತಂತಿಯಂತೆ ಮೀಟಿ ಬಿಟ್ಟ. ನಿಮಿಷಕ್ಕೆ ಎಷ್ಟು ಸಲ ಕಂಪಿಸುತ್ತದೆಂದು ಪಕ್ಕದ ಯಂತ್ರ ಎಣಿಸುತ್ತದೆ. ಹೆಚ್ಚು ಕಂಪಿಸಿದರೆ ಹೆಚ್ಚು ಗಟ್ಟಿ. ಭಾವನಿಗೆ ಒಪ್ಪಿದ ‘ಎ’ 236 ತೋರಿಸಿತು. ಇನ್ನೊಂದು ಕಂಪನಿಯ ‘ಆರ್’ 234. “ನೋಡಿ ಸರ್, ನಿಮ್ಮದೇ ಗಟ್ಟಿ.” ಭಾವ ಮೂವತ್ತಾರು ವರ್ಷ ಅಂಕಿಗಳನ್ನು ನಂಬಿದವರು. ಎರಡು ಸಲ ಮೀಟಿಸಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಅಕ್ಷರ ಅಳಿಸಿಕೊಡಲು ಆಗುತ್ತದೆಯೇ?” ಎಂದು ಕೇಳಿದರು. ಅಳಿಸಬೇಕಾಗಿಲ್ಲ, ಅಕ್ಷರ ಕೆಳಮುಖವಾಗಿ ಬರುವಂತೆ ಕೂರಿಸಿದರಾಯಿತು, ಬಹಳ ಜನ ಹಾಗೆಯೇ ಕೂರಿಸಿಕೊಳ್ಳುತ್ತಾರೆ ಎಂದ ಹುಡುಗ. ಇದನ್ನು ಜಂಬವೆಂದು ಕರೆಯುವವರು ಕರೆಯಲಿ. ತಲೆಗೆ ಬಣ್ಣ ಹಚ್ಚುವ ನಮ್ಮ ಪೀಳಿಗೆಗೆ ಕೋಲಿನ ಅಕ್ಷರವನ್ನು ಕೆಳಗೆ ತಿರುಗಿಸುವುದು ಏನು ಮಹಾ!

ಹೊಸ ಡ್ರೈವರ್ ಕೊಳ್ಳದೆ ಶಾಫ್ಟು ಮಾತ್ರ ಬದಲಿಸಿದ್ದರಿಂದ ಮೊದಲು ಅಂದುಕೊಂಡಿದ್ದ 50,000 ಆಗಲಿಲ್ಲ; ಆದರೂ ಹಗುರವಾದ ಬಿಲ್ಲಲ್ಲ. ಅಕ್ಕ ಅದನ್ನು ನೋಡಿ, “ಆಸ್ಪತ್ರೆಯದಕ್ಕಿಂತ ಕಡಿಮೆಯೇ” ಎಂದು ಮಡಿಸಿಟ್ಟರು.

ಮುಂದಿನ ಶನಿವಾರ ನೆಂಟರು ಯಾರೂ ಬರಲಿಲ್ಲ. 7ನೆಯ ಹೋಲಿಗೆ ಬಂದಾಗ ಎದುರುಗಾಳಿ ಸಣ್ಣಗೆ ಬೀಸುತ್ತಿತ್ತು. ನಾನು ಮೊದಲು ಆಡಿದೆ, ದಾಟಿತು. ಭಾವ ಟೀ ಊರಿ, ಚೆಂಡನ್ನಿಟ್ಟು, ಎರಡು ಸಲ ನೀರಿನ ಕಡೆ ನೋಡಿದರು. ಎತ್ತಿದರು, ಮೇಲೆ ನಿಂತರು, ಇಳಿಸಿದರು. ಚೆಂಡು ನಾನು ಬಹಳ ದಿನಗಳಿಂದ ನೋಡದಷ್ಟು ಎತ್ತರಕ್ಕೆ ಹೋಗಿ, ಆಚೆ ದಡದ ಹುಲ್ಲಿನಲ್ಲಿ, ನೀರಿನಿಂದ ಎರಡು ಮಾರು ದೂರ ಬಿತ್ತು. ಕ್ಯಾಡಿಯ ಹುಡುಗ “ಹೋಯ್ತು ಸಾರ್, ದಾಟ್ತು!” ಎಂದು ಕೂಗಿದ. ಭಾವ ಏನೂ ಹೇಳಲಿಲ್ಲ. ಆಚೆ ದಡಕ್ಕೆ ಹೋಗುವ ಕಾಲುದಾರಿಯಲ್ಲಿ ಅವರು ನನಗಿಂತ ಮುಂದೆ ನಡೆಯುತ್ತಿದ್ದರು. ವೇಗ ಹೆಚ್ಚಾಯಿತು, ಎದೆ ನೆನಪಿರಲಿ ಎಂದು ನಾನು ಹಿಂದಿನಿಂದ ಕೂಗಬೇಕಾಯಿತು.

ಅವರು ಅಂಗೈಯಗಲದ ಪುಸ್ತಕದಲ್ಲಿ ಲೆಕ್ಕ ಇಟ್ಟಿದ್ದಾರೆ. ಈವರೆಗೆ ಹನ್ನೊಂದು ಶನಿವಾರ; ಜಮೆ ಎಂಟು, ಖರ್ಚು ಮೂರು. ಖರ್ಚಿನಲ್ಲಿ ಒಂದು ಮಳೆಯ ದಿನದ್ದು. ಅದನ್ನು ಸೇರಿಸಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಚೆಂಡಿಗಿಂತ ಅವರದು ಈಗ ಹತ್ತು ಗಜ ಹಿಂದೆಯೇ ಬೀಳುತ್ತದೆ. ಅವರು ಆಡುವಾಗ ನಾನು ಪಕ್ಕಕ್ಕೆ ನಿಂತು ಕಾಯುತ್ತೇನೆ. ಮೋಡ ನೋಡುವುದಿಲ್ಲ.

ಹೋದ ವಾರ ಕ್ಯಾಡಿಯ ಹುಡುಗ ಒದ್ದೆ ಬಟ್ಟೆಯಿಂದ ಡ್ರೈವರ್ ಒರೆಸುತ್ತ ಅದನ್ನು ಮಗುಚಿ ಹಿಡಿದು, “ಇಲ್ಲೇನೋ ಬರೆದವ್ರಲ್ಲ ಸಾರ್. ‘ಎ’ ಅಂತ. ಹಂಗಂದ್ರೇನು?” ಎಂದು ಕೇಳಿದ. ಹಿಂದಿನ ಸರದಿಯ ನಾಲ್ವರು ಕಿವಿಗೊಟ್ಟು ನಿಂತಿದ್ದರು. ಭಾವ ಕೋಲನ್ನು ಅವನ ಕೈಯಿಂದ ತೆಗೆದುಕೊಂಡು, “ಎ ಗ್ರೇಡ್ ಕಣಯ್ಯ” ಎಂದು ಟೀ ಊರಿದರು.